ಹದಿಹರೆಯದ ನಿದ್ದೆ: ರಾತ್ರಿಯ ಜಗಳ ಬಿಟ್ಟು ಬೆಳಗಿನಿಂದ ಶುರು ಮಾಡೋಣ

ಹತ್ತು ವರ್ಷದಲ್ಲಿ ರಾತ್ರಿ ಒಂಬತ್ತಕ್ಕೆಲ್ಲ ನಿದ್ದೆ ಹೋಗುತ್ತಿದ್ದ ಮಗು ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಹನ್ನೊಂದಾದರೂ ನಿದ್ದೆ ಬರ್ತಿಲ್ಲ ಎನ್ನುತ್ತದೆ. ಬೆಳಿಗ್ಗೆ ಎಬ್ಬಿಸಲು ಹೋದರೆ ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಳ್ಳುತ್ತದೆ. ನೋಡುವವರಿಗೆ ಇದು ಸೋಮಾರಿತನ, ಇಲ್ಲವೇ ಮೊಬೈಲಿನ ಹುಚ್ಚು. ಮೊಬೈಲಿನ ಪಾಲು ಇದೆ, ಅದನ್ನು ಮುಂದೆ ನೋಡೋಣ. ಆದರೆ ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲದ ಕಾಲದಲ್ಲೇ ಈ ಬದಲಾವಣೆ ಕಾಣಿಸಿತ್ತು. ಅಮೆರಿಕದ ನಿದ್ರಾ ವಿಜ್ಞಾನಿ ಮೇರಿ ಕಾರ್ಸ್ಕಡನ್ ಮತ್ತು ಸಂಗಡಿಗರು 1993ರಲ್ಲಿ ಆರನೇ ತರಗತಿಯ ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿದರು. ಎಲ್ಲರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಆದರೂ ಮೈನೆರೆಯುವ ಬೆಳವಣಿಗೆ ಯಾರಲ್ಲಿ ಮುಂದೆ ಹೋಗಿತ್ತೋ ಅವರು ತಡವಾಗಿ ಮಲಗಿ ತಡವಾಗಿ ಏಳುವುದನ್ನು ಇಷ್ಟಪಡುತ್ತಿದ್ದರು. ಹುಡುಗಿಯರಲ್ಲಿ ಇದು ಹೆಚ್ಚು ಸ್ಪಷ್ಟವಾಗಿತ್ತು. ನಿದ್ದೆಯ ಹೊತ್ತನ್ನು ಸರಿಸುತ್ತಿದ್ದುದು ಬೆಳೆಯುತ್ತಿರುವ ದೇಹವೇ.

ಇದು ಅರ್ಥವಾದರೆ ಮನೆಯಲ್ಲಿ ಎಷ್ಟೋ ಜಗಳ ತಪ್ಪುತ್ತದೆ. ನಾವು ಸಾಮಾನ್ಯವಾಗಿ ರಾತ್ರಿಯನ್ನು ಹಿಡಿದು ಜಗ್ಗುತ್ತೇವೆ: ಲೈಟ್ ಆರಿಸು, ಮಲಗು, ಇನ್ನೂ ಎಷ್ಟು ಹೊತ್ತು. ಆದರೆ ಬಾ ಎಂದ ತಕ್ಷಣ ನಿದ್ದೆ ಬರುವುದಿಲ್ಲ. ಏಳುವ ಹೊತ್ತು ಮತ್ತು ಬೆಳಗಿನ ಬೆಳಕು ನಮ್ಮ ಕೈಯಲ್ಲಿರುತ್ತವೆ. ಅವೆರಡು ಸರಿಹೋದರೆ ರಾತ್ರಿಯ ನಿದ್ದೆಯೂ ನಿಧಾನವಾಗಿ ಬೇಗ ಬರತೊಡಗುತ್ತದೆ. ಇದು ಹೇಗೆ ಎಂದು ತಿಳಿಯಲು ನಿದ್ದೆ ಬರುವುದು ಯಾಕೆ ಎಂಬಲ್ಲಿಂದ ಶುರು ಮಾಡಬೇಕು.

ನಿದ್ದೆಯನ್ನು ತರುವ ಎರಡು ಶಕ್ತಿಗಳು

1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಯ್ ಎಂಬ ವಿಜ್ಞಾನಿ ಮುಂದಿಟ್ಟ ಒಂದು ವಿವರಣೆ ಇವತ್ತಿಗೂ ನಿದ್ದೆಯ ಅಧ್ಯಯನಕ್ಕೆ ಬುನಾದಿ. ಅದರ ಪ್ರಕಾರ ನಿದ್ದೆಯನ್ನು ಎರಡು ಶಕ್ತಿಗಳು ಸೇರಿ ನಡೆಸುತ್ತವೆ.

ಮೊದಲನೆಯದು ನಿದ್ದೆಯ ಒತ್ತಡ. ಇದು ಹಸಿವಿನ ಹಾಗೆ. ಎಚ್ಚರವಿದ್ದಷ್ಟು ಹೊತ್ತೂ ಏರುತ್ತಲೇ ಹೋಗುತ್ತದೆ, ನಿದ್ದೆ ಮಾಡಿದಾಗ ಇಳಿಯುತ್ತದೆ. ಮಿದುಳು ಕೆಲಸ ಮಾಡುತ್ತಿರುವಾಗ ಅಡಿನೋಸಿನ್ ಎಂಬ ರಾಸಾಯನಿಕ ಅಲ್ಲಿ ಹೆಚ್ಚುತ್ತಾ ಹೋಗುತ್ತದೆ. ಈ ಒತ್ತಡದ ಹಿಂದಿರುವ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಸಂಜೆ ಆರಕ್ಕೆ ಎರಡು ಗಂಟೆ ಮಲಗಿ ಎದ್ದ ಹುಡುಗನಿಗೆ ರಾತ್ರಿ ನಿದ್ದೆ ಬಾರದಿರುವುದು ಇದೇ ಕಾರಣಕ್ಕೆ. ಊಟಕ್ಕೆ ಸ್ವಲ್ಪ ಮುಂಚೆ ತಿಂಡಿ ತಿಂದಂತೆ ಅದು.

ಎರಡನೆಯದು ದೇಹದ ಗಡಿಯಾರ. ಕಣ್ಣಿನಿಂದ ಬರುವ ನರಗಳು ಮಿದುಳಿನಲ್ಲಿ ಒಂದನ್ನೊಂದು ದಾಟುವ ಜಾಗವಿದೆ. ಅದರ ಮೇಲ್ಗಡೆ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗುಂಪು ಇದೆ. ಇಡೀ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ಹೇಳುವುದು ಇದೇ. ಕತ್ತಲಾದ ಮೇಲೆ ಇದರ ಸೂಚನೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಈಗ ರಾತ್ರಿಯಾಯಿತು ಎಂಬ ಸುದ್ದಿ ಮೈಯೆಲ್ಲ ಹರಡುತ್ತದೆ. ಈ ಗಡಿಯಾರದ ಒಂದು ಸುತ್ತು ಹೆಚ್ಚಿನವರಲ್ಲಿ 24 ಗಂಟೆಗಿಂತ ಒಂದಿಷ್ಟು ಉದ್ದ. ಹಾಗಾಗಿ ಅದನ್ನು ದಿನಾ ಹೊರಗಿನ ಬೆಳಕಿಗೆ ಹೊಂದಿಸಬೇಕಾಗುತ್ತದೆ. ಹೊಂದಿಸದೆ ಬಿಟ್ಟರೆ ಅದು ದಿನದಿಂದ ದಿನಕ್ಕೆ ತಡವಾಗುತ್ತಾ ಹೋಗುತ್ತದೆ.

ಹದಿಹರೆಯದಲ್ಲಿ ಈ ಎರಡೂ ಬದಲಾಗುತ್ತವೆ. ಮೆಲಟೋನಿನ್ ಬರುವ ಹೊತ್ತು ಒಂದೆರಡು ಗಂಟೆ ಮುಂದಕ್ಕೆ ಹೋಗುತ್ತದೆ. ನಿದ್ದೆಯ ಒತ್ತಡವೂ ಚಿಕ್ಕ ಮಕ್ಕಳಲ್ಲಿ ಏರುವಷ್ಟು ವೇಗವಾಗಿ ಏರುವುದಿಲ್ಲ. ಆದ್ದರಿಂದ ಹೆಚ್ಚು ಹೊತ್ತು ಎಚ್ಚರವಿರುವುದು ಅವರಿಗೆ ಸುಲಭ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗಡಿಯಾರದ ಲೆಕ್ಕದಲ್ಲಿ, ನಿದ್ದೆ ಬರುವುದಕ್ಕೆ ಸ್ವಲ್ಪ ಮುಂಚಿನ ಒಂದೆರಡು ಗಂಟೆ ನಾವು ತುಂಬ ಚುರುಕಾಗಿರುತ್ತೇವೆ. ಹನ್ನೊಂದಕ್ಕೆ ನಿದ್ದೆ ಬರುವ ಹುಡುಗಿಯನ್ನು ಒಂಬತ್ತೂವರೆಗೆ ಮಲಗಿಸಿದರೆ ಅವಳು ಸುಮ್ನೆ ಹೊರಳಾಡುತ್ತಾಳೆ. ಅವಳು ಹಟ ಮಾಡುತ್ತಿಲ್ಲ. ಆ ಹೊತ್ತಿನಲ್ಲಿ ಅವಳ ಮಿದುಳು ಪೂರ್ತಿ ಎಚ್ಚರವಾಗಿರುತ್ತದೆ.

ಇದೆಲ್ಲ ಶಾಶ್ವತವಲ್ಲ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಜೊತೆಗಾರರು ಸಾವಿರಾರು ಜನರ ನಿದ್ದೆಯ ಹೊತ್ತನ್ನು ಕೇಳಿ ತಿಳಿದು 2004ರಲ್ಲಿ ಒಂದು ಸಂಗತಿ ತೋರಿಸಿದರು. ಈ ತಡವಾಗುವಿಕೆ ಸುಮಾರು 20ನೇ ವಯಸ್ಸಿನ ಹೊತ್ತಿಗೆ ತುದಿ ಮುಟ್ಟುತ್ತದೆ, ಆಮೇಲೆ ಹಿಂದಿರುಗುತ್ತದೆ. ಹುಡುಗಿಯರಲ್ಲಿ ಹುಡುಗರಿಗಿಂತ ಸ್ವಲ್ಪ ಬೇಗ.

ಎಷ್ಟು ಬೇಕು, ಎಷ್ಟು ಸಿಗುತ್ತಿದೆ

ದೊಡ್ಡವರಾದ ಹಾಗೆ ನಿದ್ದೆ ಕಡಿಮೆ ಸಾಕು ಎಂದು ನಾವೆಲ್ಲ ನಂಬಿದ್ದೇವೆ. 1970ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಹೀಗೇ ಊಹಿಸಿದ್ದರು. ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ನಿದ್ದೆಯ ಶಿಬಿರ ನಡೆಸಿ, ಅದೇ ಮಕ್ಕಳನ್ನು ವರ್ಷವರ್ಷವೂ ಕರೆಸಿಕೊಂಡರು. ರಾತ್ರಿ ಹತ್ತು ಗಂಟೆ ಕಾಲ ಮಲಗಲು ಬಿಟ್ಟರು. ವಯಸ್ಸು ಏರಿದಂತೆ ನಿದ್ದೆ ಇಳಿಯಲಿಲ್ಲ. ಚಿಕ್ಕವರೂ ದೊಡ್ಡವರೂ ಸುಮಾರು ಒಂಬತ್ತು ಗಂಟೆಗೂ ಮೀರಿ ಮಲಗಿದರು. ಅಷ್ಟೇ ಅಲ್ಲ, ಅಷ್ಟೇ ನಿದ್ದೆ ಮಾಡಿದ ಮೇಲೂ ಬೆಳೆದ ಮಕ್ಕಳು ಹಗಲಿನಲ್ಲಿ ಹೆಚ್ಚು ತೂಕಡಿಸುತ್ತಿದ್ದರು.

ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಸಲಹೆ ಹೀಗಿದೆ: 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈಗ ಲೆಕ್ಕ ಹಾಕಿ. ರಾತ್ರಿ ಹನ್ನೊಂದೂವರೆಗೆ ನಿದ್ದೆ ಹತ್ತಿ, ಬೆಳಿಗ್ಗೆ ಆರಕ್ಕೆ ಏಳಬೇಕಾದರೆ ಸಿಗುವುದು ಆರೂವರೆ ಗಂಟೆ. ಎಂಟೂವರೆ ಬೇಕಾದ ಮಗುವಿಗೆ ದಿನಕ್ಕೆ ಎರಡು ಗಂಟೆಯ ಕೊರತೆ. ಐದು ದಿನಕ್ಕೆ ಹತ್ತು ಗಂಟೆ. ವಾರದಲ್ಲಿ ಒಂದು ಇಡೀ ರಾತ್ರಿಯ ನಿದ್ದೆಯೇ ಹೋದ ಹಾಗಾಯಿತು, ಅಲ್ವಾ?

ಹೋಗುವುದು ಯಾವ ನಿದ್ದೆ ಎಂಬುದೂ ಮುಖ್ಯ. ರಾತ್ರಿಯಿಡೀ ನಿದ್ದೆ ಒಂದೇ ತರಹ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಂದರಂತೆ ಸುತ್ತುಗಳು ಬರುತ್ತವೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಜಾಸ್ತಿ. ಬೆಳವಣಿಗೆಯ ಹಾರ್ಮೋನು ಹೇರಳವಾಗಿ ಬರುವುದು ಆಗಲೇ. ಬೆಳಗಿನ ಜಾವದ ಸುತ್ತುಗಳಲ್ಲಿ ಕನಸಿನ ನಿದ್ದೆ ಜಾಸ್ತಿ. ಹಗಲಿನ ನೋವು, ಸಿಟ್ಟು, ಮುಜುಗರಗಳನ್ನು ಮನಸ್ಸು ಅರಗಿಸಿಕೊಳ್ಳುವುದರಲ್ಲಿ ಕನಸಿನ ನಿದ್ದೆಗೆ ಪಾಲಿದೆ ಎಂದು ಅನೇಕ ಸಂಶೋಧಕರು ನಂಬುತ್ತಾರೆ. ಅಲಾರಂ ಹೊಡೆದು ಕಿತ್ತುಕೊಳ್ಳುವುದು ಈ ಕೊನೆಯ ಭಾಗವನ್ನೇ. ಎಂಟು ಗಂಟೆಯ ನಿದ್ದೆಯಲ್ಲಿ ಕೊನೆಯ ಎರಡು ಗಂಟೆ ಹೋದರೆ ನಾಲ್ಕನೇ ಒಂದು ಪಾಲು ಹೋಯಿತು ಎಂದುಕೊಳ್ಳುತ್ತೇವೆ. ಆದರೆ ಕನಸಿನ ನಿದ್ದೆಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಪಾಲು ಹೋಗಿರುತ್ತದೆ. ಮಾತುಮಾತಿಗೂ ರೇಗುವ, ಸಣ್ಣದಕ್ಕೂ ಕಣ್ಣೀರು ಹಾಕುವ ಮಗುವನ್ನು ಕಂಡಾಗ ಇದು ನೆನಪಿಗೆ ಬರಬೇಕು ಎಂಬುದು ನನ್ನ ಆಸೆ. ಬುದ್ಧಿಮಾತಿಗಿಂತ ಮೊದಲು ಆ ವಾರ ಎಷ್ಟು ನಿದ್ದೆಯಾಗಿದೆ ಎಂದು ಕೇಳೋಣ.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದರ ಬಗ್ಗೆಯೂ ಇಲ್ಲೇ ಹೇಳಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹಗಲು ಕಲಿತದ್ದನ್ನು ಮಿದುಳು ಆಗ ಮತ್ತೆ ಓಡಿಸಿ ನೋಡಿ, ಬಹುಕಾಲ ಉಳಿಯುವ ಜಾಗಕ್ಕೆ ದಾಟಿಸುತ್ತದೆ. ರಾತ್ರಿಯೆಲ್ಲ ಎದ್ದಿದ್ದರೆ ಓದಿದ ಪುಟಗಳು ಹೆಚ್ಚಬಹುದು, ಉಳಿಯುವುದು ಕಡಿಮೆ.

ನನಗೆ ಆರು ಗಂಟೆ ಸಾಕು, ಅಭ್ಯಾಸವಾಗಿದೆ ಎಂದು ಮಕ್ಕಳು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗನಿಸುತ್ತದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರನ್ನು ಎರಡು ವಾರ ದಿನಕ್ಕೆ ಆರು ಗಂಟೆ ಮಾತ್ರ ಮಲಗಲು ಬಿಟ್ಟಿದ್ದರು. ಗಮನದ ಪರೀಕ್ಷೆಯಲ್ಲಿ ಅವರ ತಪ್ಪುಗಳು ದಿನೇ ದಿನೇ ಹೆಚ್ಚಿದವು. ಕೊನೆಗೆ, ಇಡೀ ರಾತ್ರಿ ನಿದ್ದೆಯಿಲ್ಲದೆ ಕಳೆದವರ ಮಟ್ಟಕ್ಕೆ ಬಂದು ನಿಂತರು. ಆದರೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದರೆ, ಮೊದಲ ಕೆಲವು ದಿನಗಳ ನಂತರ ಅವರಿಗೆ ಹೆಚ್ಚೇನೂ ಅನಿಸುತ್ತಿರಲಿಲ್ಲ. ಕೊರತೆ ಬೆಳೆಯುತ್ತಲೇ ಇತ್ತು, ಅದರ ಅರಿವು ಮಾತ್ರ ನಿಂತುಹೋಗಿತ್ತು.

ರಜೆಯ ಎರಡು ದಿನ

ಐದು ದಿನದ ಬಾಕಿಯನ್ನು ಶನಿವಾರ, ಭಾನುವಾರ ತೀರಿಸಲು ದೇಹ ಹೊರಡುತ್ತದೆ. ಹನ್ನೊಂದು, ಹನ್ನೆರಡರವರೆಗೆ ಮಲಗುವುದು ಅದಕ್ಕೇ. ಇದನ್ನು ಬೈಯುವುದು ಸರಿಯಲ್ಲ. ಆದರೆ ಇದರಿಂದ ಒಂದು ತೊಂದರೆಯಿದೆ. ನಡುಹಗಲವರೆಗೆ ಕತ್ತಲ ಕೋಣೆಯಲ್ಲಿ ಮಲಗಿದರೆ ಬೆಳಗಿನ ಬೆಳಕು ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಎರಡರವರೆಗೆ ಎದ್ದಿದ್ದರೆ ತಡರಾತ್ರಿಯ ಬೆಳಕು ಕಣ್ಣಿಗೆ ಬೀಳುತ್ತದೆ. ಎರಡೂ ಸೇರಿ ಗಡಿಯಾರವನ್ನು ಮತ್ತಷ್ಟು ತಡ ಮಾಡುತ್ತವೆ. ಭಾನುವಾರ ರಾತ್ರಿ ಹತ್ತಕ್ಕೆ ಮಲಗಿದರೆ ದೇಹಕ್ಕೆ ಅದು ಇನ್ನೂ ಸಂಜೆ. ಸೋಮವಾರ ಬೆಳಿಗ್ಗೆ ಆರಕ್ಕೆ ಎದ್ದರೆ ದೇಹಕ್ಕೆ ಅದು ನಡುರಾತ್ರಿ ಕಳೆದ ಹೊತ್ತು. ರೋನೆಬರ್ಗ್ ಮತ್ತು ಜೊತೆಗಾರರು 2006ರಲ್ಲಿ ಇದಕ್ಕೆ ಸೋಶಿಯಲ್ ಜೆಟ್‌ಲ್ಯಾಗ್ ಎಂದು ಹೆಸರಿಟ್ಟರು. ವಿಮಾನದಲ್ಲಿ ದೂರದ ದೇಶಕ್ಕೆ ಹೋದಾಗ ದೇಹದ ಗಡಿಯಾರ ಅಲ್ಲಿಯ ಹೊತ್ತಿಗೆ ಹೊಂದದೆ ಆಗುವ ತೊಂದರೆಯೇ ಜೆಟ್‌ಲ್ಯಾಗ್. ಹಾಗೆ ಹಾರಿದವರು ಕೆಲವೇ ದಿನಗಳಲ್ಲಿ ಅಲ್ಲಿಯ ಹಗಲಿಗೆ ಹೊಂದಿಕೊಳ್ಳುತ್ತಾರೆ. ಈ ಮಕ್ಕಳು ಪ್ರತಿ ವಾರ ಹೋಗಿ ಬರುತ್ತಲೇ ಇರುತ್ತಾರೆ.

ಹಾಗಾದರೆ ಬಾಕಿ ತೀರಿಸುವುದು ಹೇಗೆ? ರಜೆಯ ದಿನ ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ ಜಾಸ್ತಿ ಮಲಗಲಿ. ಇನ್ನೂ ನಿದ್ದೆ ಬೇಕೆನಿಸಿದರೆ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು, ಮೂವತ್ತು ನಿಮಿಷ ಮಲಗಲಿ. ರಾತ್ರಿ ತುಸು ಬೇಗ ಮಲಗಿದರೆ ಇನ್ನೂ ಒಳ್ಳೆಯದು. ಪೂರ್ತಿ ಬಾಕಿ ಇದರಿಂದ ತೀರುವುದಿಲ್ಲ. ಅದಕ್ಕೆ ವಾರದ ದಿನಗಳೇ ಸರಿಹೋಗಬೇಕು.

ಬೆಳಕಿಗೆ ದಿಕ್ಕಿದೆ

ಗಡಿಯಾರವನ್ನು ಹಿಂದೆ ಮುಂದೆ ಸರಿಸಲು ನಮ್ಮ ಬಳಿ ಇರುವ ಬಲವಾದ ಸಾಧನ ಬೆಳಕು. ಕಣ್ಣಿನ ಹಿಂಭಾಗದ ರೆಟಿನಾ ಎಂಬ ಪದರದಲ್ಲಿ ನೋಡಲು ಬೇಕಾದ ಕೋಶಗಳ ಜೊತೆಗೆ ಇನ್ನೊಂದು ಬಗೆಯ ಕೋಶಗಳಿವೆ ಎಂಬುದು ಈ ಶತಮಾನದ ಆರಂಭದಲ್ಲಿ ಖಚಿತವಾಯಿತು. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವಸ್ತುವಿದೆ. ಅವುಗಳ ಮುಖ್ಯ ಕೆಲಸ ಎಷ್ಟು ಬೆಳಕಿದೆ ಎಂದು ಅಳೆದು ಮಿದುಳಿನ ಗಡಿಯಾರಕ್ಕೆ ಹೇಳುವುದು. ನೀಲಿ ಬಣ್ಣದ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ.

ಬೆಳಕು ಯಾವ ಹೊತ್ತಿನಲ್ಲಿ ಬೀಳುತ್ತದೆ ಎಂಬುದರ ಮೇಲೆ ಪರಿಣಾಮ ಬೇರೆಯಾಗುತ್ತದೆ. ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ಬಿದ್ದರೆ ಆ ರಾತ್ರಿ ನಿದ್ದೆ ಬೇಗ ಬರುವಂತೆ ಮಾಡುತ್ತದೆ. ಸಂಜೆಯಾದ ಮೇಲೆ, ರಾತ್ರಿ ಬಿದ್ದರೆ ನಿದ್ದೆಯನ್ನು ತಡ ಮಾಡುತ್ತದೆ. ಪ್ರಮಾಣದ ವ್ಯತ್ಯಾಸವೂ ದೊಡ್ಡದು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಚೆನ್ನಾಗಿ ದೀಪ ಹಾಕಿದ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ ಇರುತ್ತದೆ. ಹೊರಗೆ ಬಂದರೆ ಮೋಡ ಕವಿದ ದಿನವೂ ಸಾವಿರಾರು ಲಕ್ಸ್. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ, ಮಿದುಳಿನ ಗಡಿಯಾರಕ್ಕೆ ತಿಳಿಯುತ್ತದೆ.

ಆದ್ದರಿಂದ ನಾನು ಮೊದಲು ಹೇಳುವುದು ಇದನ್ನೇ: ಏಳುವ ಹೊತ್ತನ್ನು ಗೊತ್ತು ಮಾಡಿ, ಎದ್ದ ಕೂಡಲೇ ಮಗು ಬೆಳಕಿಗೆ ಬರಲಿ. ಪರದೆ ಸರಿಸಿ. ಸಾಧ್ಯವಾದರೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿರಲಿ. ನಡೆಯಲಿ, ಸೈಕಲ್ ತುಳಿಯಲಿ, ಸುಮ್ನೆ ಕೂರಲಿ. ಎರಡು ಗಂಟೆಯ ಬದಲಾವಣೆಯನ್ನು ಒಂದೇ ದಿನದಲ್ಲಿ ಮಾಡಲು ಹೋಗಬೇಡಿ. ಎರಡು ಮೂರು ದಿನಕ್ಕೊಮ್ಮೆ ಏಳುವ ಹೊತ್ತನ್ನು ಹದಿನೈದು ನಿಮಿಷ ಬೇಗ ಮಾಡುತ್ತಾ ಬನ್ನಿ. ಮಲಗುವ ಹೊತ್ತು ಅದರ ಹಿಂದೆಯೇ ಬರುತ್ತದೆ. ಶುರುವಿನಲ್ಲಿ ಒಂದು ವಾರ ಕಷ್ಟ ಆಗುತ್ತದೆ. ಆ ವಾರ ಮಗುವಿನ ಜೊತೆ ಮನೆಯ ಇನ್ನೊಬ್ಬರೂ ಎದ್ದು ಹೊರಗೆ ಹೋದರೆ ಅದು ಶಿಕ್ಷೆಯಂತೆ ಅನಿಸುವುದಿಲ್ಲ.

ಫೋನು, ಕಾಫಿ ಮತ್ತು ಹಾಸಿಗೆ

ಇನ್ನು ಫೋನು. ಪರದೆಯ ನೀಲಿ ಬೆಳಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೆಳಕಿನ ಪಾತ್ರ ಇದೆ, ಆದರೆ ನನ್ನ ಪ್ರಕಾರ ಅದು ಚಿಕ್ಕ ಪಾಲು. ದೊಡ್ಡ ಪಾಲು ಪರದೆಯ ಮೇಲೆ ನಡೆಯುವುದರದ್ದು. ಮುಗಿಯದ ವಿಡಿಯೋಗಳು, ಗೆಳೆಯರ ಗುಂಪಿನಲ್ಲಿ ಬರುತ್ತಲೇ ಇರುವ ಮೆಸೇಜು, ಇನ್ನೊಂದೇ ಆಟ ಎನ್ನುವ ಆಸೆ. ಇವು ಮಲಗುವ ಹೊತ್ತನ್ನೇ ತಿಂದುಹಾಕುತ್ತವೆ, ಮನಸ್ಸನ್ನು ಕೆರಳಿಸುತ್ತವೆ. ಪರದೆಯನ್ನು ಹಳದಿ ಬಣ್ಣಕ್ಕೆ ತಿರುಗಿಸಿಕೊಂಡು ರಾತ್ರಿ ಒಂದರವರೆಗೆ ನೋಡಿದರೆ ಏನೂ ಲಾಭವಿಲ್ಲ.

ಸರಳವಾದ ದಾರಿ ಎಂದರೆ ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಬೇಕು. ಅಲಾರಂಗೆ ಬೇರೆ ಗಡಿಯಾರ ಇರಲಿ. ಈ ನಿಯಮ ಅಪ್ಪ ಅಮ್ಮನಿಗೂ ಅನ್ವಯಿಸಬೇಕು, ಇಲ್ಲದಿದ್ದರೆ ಮಕ್ಕಳು ಅದನ್ನು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಕೈಯಿಂದ ಕಿತ್ತುಕೊಳ್ಳುವುದು ಮಾತ್ರ ಬೇಡ. ಈ ವಯಸ್ಸಿನಲ್ಲಿ ಗೆಳೆಯರ ಮಾತಿನಿಂದ ಹೊರಗುಳಿಯುವುದು ನಿಜವಾದ ನೋವು. ಹತ್ತರ ನಂತರ ನಾನು ಆನ್‌ಲೈನ್ ಇರುವುದಿಲ್ಲ ಎಂದು ಗೆಳೆಯರಿಗೆ ಮೊದಲೇ ಹೇಳಲು ಸಹಾಯ ಮಾಡಿ. ಕಾಯುವವರು ಇಲ್ಲದಿದ್ದರೆ ಫೋನ್ ಬಿಡುವುದು ಎಷ್ಟೋ ಸುಲಭ.

ಕಾಫಿ, ಟೀ, ಕೋಲಾ, ಎನರ್ಜಿ ಡ್ರಿಂಕ್‌ಗಳಲ್ಲಿರುವ ಕೆಫೀನ್ ಅಡಿನೋಸಿನ್ ಕುಳಿತುಕೊಳ್ಳಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ನಿದ್ದೆಯ ಒತ್ತಡ ಹಾಗೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಕುಡಿದ ಕೆಫೀನಿನಲ್ಲಿ ಅರ್ಧ ರಕ್ತದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ನಂತರ ಬೇಡ.

ಹಾಸಿಗೆಯ ಮೇಲೆಯೇ ಓದು, ಆಟ, ಹರಟೆ ಎಲ್ಲ ನಡೆದರೆ ಹಾಸಿಗೆ ಎಂದರೆ ಎಚ್ಚರವಿರುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಓದಲು ಬೇರೆ ಮೂಲೆ ಇರಲಿ, ಚಿಕ್ಕದಾದರೂ ಸರಿ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಏನಾದರೂ ಸಮಾಧಾನದ ಕೆಲಸ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗುವುದು ಒಳ್ಳೆಯದು. ತಲೆಯಲ್ಲಿ ನಾಳೆಯ ಚಿಂತೆ ಸುತ್ತುತ್ತಿದ್ದರೆ ಐದು ನಿಮಿಷ ಕೂತು ನಾಳೆ ಮಾಡಬೇಕಾದ್ದನ್ನೆಲ್ಲ ಕಾಗದದ ಮೇಲೆ ಬರೆದಿಡಲಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಗಿದ ಕೆಲಸಗಳನ್ನು ಬರೆದ ಯುವಕ ಯುವತಿಯರಿಗಿಂತ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಬೇಗ ನಿದ್ದೆ ಬಂದಿತ್ತು.

ಮಾತಾಡುವ ಹೊತ್ತು ಯಾವುದು

ನಿದ್ದೆಯ ಬಗ್ಗೆ ಮಾತನ್ನು ರಾತ್ರಿ ಹನ್ನೊಂದಕ್ಕೆ ಎತ್ತಬೇಡಿ. ಆಗ ಇಬ್ಬರಿಗೂ ದಣಿವು. ರಜೆಯ ಒಂದು ಮಧ್ಯಾಹ್ನ ಕೂತು, ಮೇಲೆ ಹೇಳಿದ ಗಡಿಯಾರದ ಕಥೆಯನ್ನು ಮಗುವಿಗೇ ಹೇಳಿ. ನಿನ್ನ ತಪ್ಪಲ್ಲ ಎಂಬ ಮಾತು ಕೇಳಿದರೆ ಅವರಿಗೆ ಎಷ್ಟು ಹಗುರವಾಗುತ್ತದೆ ಗೊತ್ತಾ! ಆಮೇಲೆ ಲೆಕ್ಕವನ್ನು ಅವರೇ ಮಾಡಲಿ. ಎಷ್ಟಕ್ಕೆ ಏಳಬೇಕು, ಎಷ್ಟು ನಿದ್ದೆ ಬೇಕು, ಅದರಿಂದ ಹಿಂದಕ್ಕೆ ಎಣಿಸಿದರೆ ಫೋನ್ ಇಡುವುದು ಯಾವಾಗ. ಸಂಜೆಯ ಟ್ಯೂಷನ್ನು, ಆಟ, ಹೋಂವರ್ಕ್ ಸೇರಿ ರಾತ್ರಿ ಹತ್ತೂವರೆ ದಾಟುತ್ತಿದ್ದರೆ ಅದರಲ್ಲಿ ಏನನ್ನು ಬಿಡಬೇಕು ಎಂದು ದೊಡ್ಡವರೇ ಯೋಚಿಸಬೇಕು. ತುಂಬಿದ ದಿನವನ್ನು ಕೊಟ್ಟು ಬೇಗ ಮಲಗು ಎನ್ನುವುದು ನ್ಯಾಯವಲ್ಲ.

ಹಾಗಂತ ಎಲ್ಲವನ್ನೂ ಮಕ್ಕಳಿಗೇ ಬಿಟ್ಟುಬಿಡಬೇಕೆಂದಲ್ಲ. ಮನೆಯಲ್ಲಿ ಮಲಗುವ ಹೊತ್ತು ಗೊತ್ತು ಮಾಡಿದ್ದರೆ ಹದಿಹರೆಯದವರು ಹೆಚ್ಚು ಮಲಗುತ್ತಾರೆ ಎಂಬುದು ಅಧ್ಯಯನಗಳಲ್ಲಿ ಕಂಡಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಹತ್ತರೊಳಗೆ ಮಲಗಬೇಕೆಂಬ ನಿಯಮವಿದ್ದ ಮನೆಗಳ ಮಕ್ಕಳಿಗಿಂತ ಮಧ್ಯರಾತ್ರಿಯವರೆಗೆ ಬಿಟ್ಟ ಮನೆಗಳ ಮಕ್ಕಳಲ್ಲಿ ಖಿನ್ನತೆ ಹೆಚ್ಚಾಗಿತ್ತು.

ಶಾಲೆಯ ಗಂಟೆಯನ್ನು ಮಾತ್ರ ಒಂದು ಮನೆ ಒಂಟಿಯಾಗಿ ಬದಲಿಸಲಾರದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ, ಹದಿಹರೆಯದವರ ಶಾಲೆ ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದು ಹೇಳಿತು. ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಯ ಹೊತ್ತನ್ನು 7:50ರಿಂದ 8:45ಕ್ಕೆ ಸರಿಸಿತು. ಮಕ್ಕಳ ಕೈಗೆ ಅಳತೆಯ ಪಟ್ಟಿ ಕಟ್ಟಿ ನೋಡಿದಾಗ ದಿನಕ್ಕೆ ಸುಮಾರು 34 ನಿಮಿಷ ನಿದ್ದೆ ಹೆಚ್ಚಾಗಿತ್ತು. ತಡವಾಗಿ ಶುರು ಮಾಡಿದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂಬ ಭಯಕ್ಕೆ ಇದು ಒಳ್ಳೆಯ ಉತ್ತರ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೆಚ್ಚಿನ ಪ್ರೌಢಶಾಲೆಗಳು 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂಬುದು 2022ರಿಂದ ಕಾನೂನೇ ಆಗಿದೆ. ಪೋಷಕರ ಸಭೆಯಲ್ಲಿ ಈ ವಿಷಯ ಎತ್ತಲು ಹಿಂಜರಿಯಬೇಡಿ.

ವೈದ್ಯರನ್ನು ಕಾಣಬೇಕಾದಾಗ

ಎಲ್ಲ ನಿದ್ದೆಯ ತೊಂದರೆಯೂ ಅಭ್ಯಾಸದ ತೊಂದರೆಯಲ್ಲ. ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಎಳೆದುಕೊಂಡಂತೆ ಕಂಡರೆ ವೈದ್ಯರಿಗೆ ತೋರಿಸಿ. ಮಲಗಿದಾಗ ಕಾಲಿನಲ್ಲಿ ತಡೆಯಲಾಗದ ಚಡಪಡಿಕೆ ಎನ್ನುವ ಮಕ್ಕಳಲ್ಲಿ ಕೆಲವೊಮ್ಮೆ ಕಬ್ಬಿಣದ ಅಂಶ ಕಡಿಮೆ ಇರುತ್ತದೆ. ಚೆನ್ನಾಗಿ ನಿದ್ದೆ ಮಾಡಿಯೂ ಮಾತಿನ ಮಧ್ಯೆ, ಊಟದ ಮಧ್ಯೆ ನಿದ್ದೆಗೆ ಜಾರಿದರೆ ಅದು ನಾರ್ಕೊಲೆಪ್ಸಿ ಇರಬಹುದು, ಈ ಕಾಯಿಲೆ ಅನೇಕರಲ್ಲಿ ಶುರುವಾಗುವುದೇ ಹದಿಹರೆಯದಲ್ಲಿ. ಏನೇ ಮಾಡಿದರೂ ರಾತ್ರಿ ಎರಡು ಮೂರಕ್ಕಿಂತ ಮುಂಚೆ ನಿದ್ದೆ ಬರದಿದ್ದರೆ ಅದಕ್ಕೂ ಬೇರೆ ಚಿಕಿತ್ಸೆ ಇದೆ. ಮೆಲಟೋನಿನ್ ಮಾತ್ರೆಯನ್ನು ನೀವಾಗಿ ತಂದು ಕೊಡಬೇಡಿ. ಅದರಲ್ಲಿ ಎಷ್ಟು ಎಂಬುದರಷ್ಟೇ ಯಾವ ಹೊತ್ತಿಗೆ ಎಂಬುದೂ ಮುಖ್ಯ. ತಪ್ಪು ಹೊತ್ತಿನಲ್ಲಿ ಕೊಟ್ಟರೆ ಗಡಿಯಾರ ಉಲ್ಟಾ ದಿಕ್ಕಿಗೂ ಸರಿಯಬಹುದು.

ನಿದ್ದೆಯ ಜೊತೆಗೆ ಮಗುವಿನ ನಗು, ಗೆಳೆಯರು, ಇಷ್ಟದ ಆಟ ಎಲ್ಲ ದೂರವಾಗುತ್ತಿದ್ದರೆ, ಬದುಕುವುದೇ ಬೇಡ ಎಂಬ ಮಾತು ಬಂದರೆ, ನಿದ್ದೆ ಸರಿಹೋಗಲಿ ನೋಡೋಣ ಎಂದು ಕಾಯಬೇಡಿ. ಆ ದಿನವೇ ವೈದ್ಯರ ಬಳಿ ಹೋಗಿ.

ಉಳಿದ ತೊಂದರೆಗಳಿಗೆ ವೈದ್ಯರ ಬಳಿ ಹೋಗುವ ಮುಂಚೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡುವುದು ಉಪಯುಕ್ತ. ಎಷ್ಟಕ್ಕೆ ಮಲಗಿದ್ದು, ನಿದ್ದೆ ಬಂದಿದ್ದು ಸುಮಾರು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ಹಗಲು ಮಲಗಿದ್ದು, ಕಾಫಿ ಕುಡಿದದ್ದು. ಮಗುವೇ ಬರೆಯಲಿ, ರಜೆಯ ದಿನಗಳನ್ನೂ ಸೇರಿಸಲಿ. ವೈದ್ಯರು ಮೊದಲು ಕೇಳುವುದು ಇದನ್ನೇ.